ನಿವೇಶನ ಹಂಚಿದ ಮೇಲೂ ಸಹಕಾರ ಉಳಿಯಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಕಡಿಮೆ ಆದಾಯದವರ ವಸತಿಯ ಮಾತು ಬಂದಾಗಲೆಲ್ಲ ಚರ್ಚೆ ಹೊಸ ಬಡಾವಣೆ, ಹೊಸ ನಿವೇಶನ, ಗೃಹಸಾಲದ ಬಡ್ಡಿ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಸ್ವಂತ ಮನೆ ಕೊಳ್ಳುವ ಶಕ್ತಿಯಿಲ್ಲದ, ಆದರೆ ತಿಂಗಳು ತಿಂಗಳು ನ್ಯಾಯವಾದ ಬಾಡಿಗೆ ಕಟ್ಟಬಲ್ಲ ಕುಟುಂಬಗಳು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಎಂಟು ಮನೆಗಳಿಗೆ ಒಂದು ಅಂಗಳ, ಒಂದು ಬಾವಿ, ಒಂದು ನಲ್ಲಿ, ಎರಡು ಬಚ್ಚಲು. ಬೆಳಗಿನ ಜಾವ ಕೊಡಗಳ ಸಾಲಿನ ಮುಂದೆ ನಡೆಯುತ್ತಿದ್ದ ಜಗಳವೂ, ಅಮ್ಮ ಆಸ್ಪತ್ರೆ ಸೇರಿದ್ದಾಗ ಎದುರು ಮನೆಯವರು ನಮ್ಮನ್ನು ಊಟಕ್ಕೆ ಕೂರಿಸುತ್ತಿದ್ದುದೂ ನನಗೆ ಒಟ್ಟೊಟ್ಟಿಗೇ ನೆನಪಾಗುತ್ತವೆ. ವಠಾರವನ್ನು ಹಾಡಿ ಹೊಗಳುವ ಇರಾದೆ ನನಗಿಲ್ಲ. ‘ನೀವು ಯಾವ ಪೈಕಿ?’ ಎಂದು ವಿಚಾರಿಸಿ, ಉತ್ತರ ಹಿಡಿಸದಿದ್ದರೆ ಮನೆ ಖಾಲಿಯಿಲ್ಲವೆಂದು ಹೇಳಿ ಕಳುಹಿಸುವ ರೂಢಿ ಅಲ್ಲೂ ಇತ್ತು. ಆದರೆ ವಠಾರ ಕೊನೆಗೊಂಡದ್ದು ಈ ಕೊರತೆಗಳಿಂದಲ್ಲ. ನೆಲ ಒಬ್ಬರದಾಗಿತ್ತು, ಅವರ ಮಕ್ಕಳು ಪಾಲಾದ ವರ್ಷವೇ ಎಂಟೂ ಕುಟುಂಬಗಳು ಗಂಟುಮೂಟೆ ಕಟ್ಟಬೇಕಾಯಿತು.

ನೆಲ ಯಾರದ್ದಾಗಿರಬೇಕು ಎಂಬ ಈ ಪ್ರಶ್ನೆಗೆ ಉತ್ತರಿಸಬೇಕಾಗಿದ್ದುದು ಸಹಕಾರ ಚಳವಳಿ. ದೇಶದ ಮೊದಲ ಗೃಹ ನಿರ್ಮಾಣ ಸಹಕಾರ ಸಂಘ 1909ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲೇ ಎಂಬುದು ಹೆಮ್ಮೆಯ ಸಂಗತಿ. ಆದರೆ ಇಂದು ನಮಗೆ ಪರಿಚಿತವಾದ ಗೃಹ ನಿರ್ಮಾಣ ಸಂಘಗಳು ಸಾಮಾನ್ಯವಾಗಿ ಮಾಡುವುದು ಮನೆ ನಿರ್ಮಾಣವನ್ನಲ್ಲ. ಜಮೀನು ಕೊಂಡು, ನಿವೇಶನವಾಗಿ ವಿಂಗಡಿಸಿ, ಸದಸ್ಯರ ಹೆಸರಿಗೆ ಕ್ರಯಪತ್ರ ಮಾಡಿಕೊಡುವುದನ್ನು. ನೋಂದಣಿ ಮುಗಿದ ದಿನ ಸಹಕಾರವೂ ಮುಗಿಯುತ್ತದೆ. ಆಮೇಲೆ ಆ ನಿವೇಶನ ಪೇಟೆಯ ಸರಕು. ಅಗ್ಗವಾಗಿ ಸಿಕ್ಕಿದ್ದರ ಲಾಭ ಮೊದಲ ಸದಸ್ಯನಿಗೆ ಒಮ್ಮೆ ದಕ್ಕುತ್ತದೆಯೇ ಹೊರತು ನಂತರ ಬರುವ ಯಾರಿಗೂ ಅಲ್ಲ.

ದಕ್ಷಿಣ ಅಮೆರಿಕದ ಉರುಗ್ವೆ ಬೇರೆ ದಾರಿ ಹಿಡಿಯಿತು. ಅಲ್ಲಿನ 1968ರ ವಸತಿ ಕಾನೂನಿನ ಅಡಿಯಲ್ಲಿ ರಚನೆಯಾದ ಪರಸ್ಪರ ನೆರವಿನ ಸಹಕಾರ ಸಂಘಗಳಲ್ಲಿ ಸರ್ಕಾರ ಸಾಲ ಕೊಡುತ್ತದೆ, ಸದಸ್ಯ ಕುಟುಂಬಗಳು ವಾರಕ್ಕೆ ಸುಮಾರು 21 ಗಂಟೆ ಕಟ್ಟಡದ ಕೆಲಸಕ್ಕೆ ತಾವೇ ಕೈ ಹಾಕುತ್ತವೆ, ಮನೆ ಮುಗಿದ ಮೇಲೂ ಒಡೆತನ ಸಂಘದ್ದಾಗಿಯೇ ಉಳಿಯುತ್ತದೆ. ಸದಸ್ಯರಿಗೆ ಇರುವುದು ವಾಸದ ಹಕ್ಕು. ಅದು ಮಕ್ಕಳಿಗೂ ಸಲ್ಲುತ್ತದೆ. ಬಿಟ್ಟು ಹೋಗುವವರು ತಮ್ಮ ಪಾಲಿನ ಹಣವನ್ನು ಹಿಂದಕ್ಕೆ ಪಡೆಯಬಹುದು, ಮನೆಯನ್ನು ಪೇಟೆಯ ಬೆಲೆಗೆ ಮಾರುವಂತಿಲ್ಲ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಟ್ರ್ಯಾಮ್ ಡಿಪೊ ಒಂದರ ಮೇಲೆಯೇ ಕಾಲ್ಕ್‌ಬ್ರೈಟೆ ಎಂಬ ಸಹಕಾರಿ ವಸತಿ ಸಮುಚ್ಚಯ 2014ರಲ್ಲಿ ಸಿದ್ಧವಾಯಿತು. ನೆಲ ನಗರಾಡಳಿತದ್ದು, ದೀರ್ಘಾವಧಿ ಗುತ್ತಿಗೆಯ ಮೇಲೆ ಕೊಟ್ಟದ್ದು. ಖಾಸಗಿ ಜಾಗ ಚಿಕ್ಕದು, ಅಂಗಳ ಎಲ್ಲರೂ ಹಂಚಿಕೊಳ್ಳುವಂಥದ್ದು, ಕೆಲವು ಮನೆಗಳವರಿಗೆ ದೊಡ್ಡ ಅಡುಗೆಮನೆಯೂ ಹಂಚಿಕೆಯದೇ. ಸ್ವಂತ ಕಾರು ಇಟ್ಟುಕೊಳ್ಳುವುದಿಲ್ಲವೆಂದು ನಿವಾಸಿಗಳು ಒಪ್ಪಬೇಕು. ನಮ್ಮ ಬಿಎಂಟಿಸಿಯೂ ಶಾಂತಿನಗರ, ಜಯನಗರ, ಯಶವಂತಪುರಗಳಲ್ಲಿ ಬಸ್ ನಿಲ್ದಾಣಗಳೊಂದಿಗೆ ದೊಡ್ಡ ದೊಡ್ಡ ಸಂಕೀರ್ಣಗಳನ್ನು ಎಬ್ಬಿಸಿತು, ಆದರೆ ಕಚೇರಿ ಮತ್ತು ಮಳಿಗೆಗಳಿಗಾಗಿ. ಬೆಳಗಿನ ಮೊದಲ ಬಸ್ಸು ಹೊರಡಿಸಬೇಕಾದ ಚಾಲಕ, ನಿರ್ವಾಹಕರಿಗೆ ಅಲ್ಲೇ ನಾಲ್ಕು ಮಹಡಿ ಮೀಸಲಿಡಬೇಕೆಂದು ಯಾರಿಗೂ ತೋಚಲಿಲ್ಲವೇ?

ಕಡಿಮೆ ವೆಚ್ಚದ ನಿರ್ಮಾಣ ವಿಧಾನಗಳನ್ನೂ ಇಲ್ಲಿ ನೆನೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಒತ್ತಿದ ಮಣ್ಣಿನ ಇಟ್ಟಿಗೆಗಳಿಗೆ ಸುಡುವ ಖರ್ಚಿಲ್ಲ. ಆದರೆ ಮನೆಗಿಂತ ಅದು ನಿಂತ ನೆಲವೇ ದುಬಾರಿಯಾದ ಊರಿನಲ್ಲಿ ಗೋಡೆಯಲ್ಲಿ ಉಳಿಸಿದ ಹಣ ಎಷ್ಟಾದೀತು?

ಆದ್ದರಿಂದ ನನ್ನ ಬೇಡಿಕೆ ಸೀಮಿತವಾದದ್ದು. ಸರ್ಕಾರದ ಸುಪರ್ದಿಯಲ್ಲಿರುವ ಒಂದು ಡಿಪೊ ಜಾಗವನ್ನಾಗಲಿ, ಬಡಾವಣೆಗಳಲ್ಲಿ ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಬಳಕೆಗೆಂದು ಮೀಸಲಿಟ್ಟು ಖಾಲಿ ಬಿದ್ದ ಒಂದು ನಾಗರಿಕ ಸೌಲಭ್ಯ ನಿವೇಶನವನ್ನಾಗಲಿ ಪೌರಕಾರ್ಮಿಕರು, ಗಾರ್ಮೆಂಟ್ಸ್ ಕೆಲಸಗಾರರು ಮತ್ತು ಸಾರಿಗೆ ನೌಕರರು ಸೇರಿ ಕಟ್ಟಿದ ಸಹಕಾರ ಸಂಘಕ್ಕೆ ಗುತ್ತಿಗೆಗೆ ಕೊಡಲಿ, ಅಗತ್ಯವಿದ್ದಲ್ಲಿ ನಿಯಮಕ್ಕೆ ತಿದ್ದುಪಡಿ ತರಲಿ. ಮನೆ ಮಾರಾಟವಾಗಬಾರದು, ಮನೆ ಕೊಡುವಾಗ ಜಾತಿ ಕೇಳಬಾರದು ಎಂಬ ಎರಡು ಷರತ್ತುಗಳನ್ನು ಸಂಘದ ಉಪವಿಧಿಯಲ್ಲೇ ಬರೆಸಲಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ
ಬಸವನಗುಡಿ, ಬೆಂಗಳೂರು