ನಲವತ್ತು ದಿನ ಬಿಟ್ಟರೆ ಬಿಡುಗಡೆಯಾಯಿತೇ?

ಮಾನ್ಯ ಸಂಪಾದಕರೇ,

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದಲ್ಲಿ ಬಾಟಲಿ ಮುಟ್ಟದ ಗಂಡಸರು ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಬೇಕಾದಷ್ಟಿದ್ದಾರೆ. ಅದು ಶುರುವಾಗುವ ಬೂದಿ ಬುಧವಾರ ಬಿಟ್ಟವರು ಈಸ್ಟರ್ ದಿನ ಮಧ್ಯಾಹ್ನದ ಊಟಕ್ಕೆ ಮತ್ತೆ ಲೋಟ ಹಿಡಿಯುತ್ತಾರೆ, ವಾರ ಕಳೆಯುವುದರೊಳಗೆ ಹಳೇ ಲೆಕ್ಕಕ್ಕೆ ಬಂದಿರುತ್ತಾರೆ. ಬಿಟ್ಟದ್ದು ಸುಳ್ಳಲ್ಲ, ಕಷ್ಟಪಟ್ಟೇ ಬಿಟ್ಟಿದ್ದರು. ಆದರೆ ಅದು ಹರಕೆ, ಬಿಡುಗಡೆಯಲ್ಲ. ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೇಸು ಹೇಳುವ ಮನೆ ಇಂಥದ್ದೇ. ಗುಡಿಸಿ, ಓರಣ ಮಾಡಿ, ಖಾಲಿ ಬಿಟ್ಟ ಮನೆ. ಹೊರಗೆ ಹೋದ ದೆವ್ವ ಇನ್ನೂ ಏಳನ್ನು ಕರೆದುಕೊಂಡು ಬರುತ್ತದೆ.

ನಮ್ಮ ಗಂಡಸರು ಎಡವುವುದು ಬಹುಪಾಲು ಒಂದೇ ಕಡೆ. 'ಮೊದಲು ನಾನು ಸರಿಯಾಗುತ್ತೇನೆ, ಆಮೇಲೆ ಇಗರ್ಜಿಗೆ (ಚರ್ಚಿಗೆ) ಬರುತ್ತೇನೆ' ಅನ್ನುತ್ತಾರೆ. ಸುವಾರ್ತೆಯ ಕ್ರಮ ಇದಕ್ಕೆ ತಿರುವುಮುರುವು. ಯೇಸುವನ್ನು ನೋಡಲು ಮರ ಹತ್ತಿದ ಸುಂಕದವ ಜಕ್ಕಾಯ ಇನ್ನೂ ಮರದ ಮೇಲಿದ್ದಾಗಲೇ 'ಇಂದು ನಿನ್ನ ಮನೆಯಲ್ಲಿ ತಂಗಬೇಕು' ಎಂದು ಯೇಸು ಹೇಳಿದರು. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುವ ಮಾತು ಜಕ್ಕಾಯನ ಬಾಯಿಂದ ಬಂದದ್ದು ಆಮೇಲೆ. ಪೌಲನೂ ಅಷ್ಟೆ. ರೋಮನರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ, ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡಲಾಗುತ್ತಿಲ್ಲ ಎಂದು ಒದ್ದಾಡುತ್ತಾನೆ. 8ನೇ ಅಧ್ಯಾಯದ ಮೊದಲ ಸಾಲಿಗೇ, ಕ್ರಿಸ್ತನಲ್ಲಿರುವವರ ಮೇಲೆ ಇನ್ನು ದಂಡನೆಯ ತೀರ್ಪಿಲ್ಲ ಎನ್ನುತ್ತಾನೆ. ವಿಶ್ವಾಸ ಎಂದರೆ ಈ ಮಾತನ್ನು ತನಗೇ ಹೇಳಿದ್ದೆಂದು ಹಿಡಿದುಕೊಳ್ಳುವುದು. ಹಾಗೆ ಹಿಡಿದುಕೊಂಡವನಿಗೆ ಸುಳ್ಳು ಹೇಳಿ ತಪ್ಪಿಸಿಕೊಳ್ಳುವ ಅಗತ್ಯವೇ ಉಳಿಯುವುದಿಲ್ಲ.

ಅಲ್ಲಿಂದ ಮುಂದಿನದು ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆ, ನಮ್ಮ ಕೊಂಕಣಿ ಮನೆಗಳ ಕುಮ್ಸಾರ್. ವರ್ಷಕ್ಕೊಮ್ಮೆಯಾದರೂ ಮಾಡಬೇಕೆಂಬ ನಿಯಮ ಕಥೋಲಿಕ ಧರ್ಮಸಭೆಯ 1215ರ ಲ್ಯಾಟರನ್ ಮಹಾಸಭೆಯದ್ದು. ಅದು ಕನಿಷ್ಠ. ನಮ್ಮಲ್ಲಿ ಎಷ್ಟೋ ಜನರಿಗೆ ಅದೇ ಗರಿಷ್ಠವಾಗಿಬಿಟ್ಟಿದೆ. 'ಫಾದರ್, ಕುಡಿದೆ, ಸಿಟ್ಟು ಮಾಡಿದೆ, ಸುಳ್ಳು ಹೇಳಿದೆ' ಎಂದು ಅರ್ಧ ನಿಮಿಷದಲ್ಲಿ ಎದ್ದುಬಿಟ್ಟರೆ ಏನೂ ಹೇಳಿದಂತಾಗಲಿಲ್ಲ. ಗಂಭೀರ ಪಾಪವನ್ನು ಎಂಥದ್ದು, ಎಷ್ಟು ಬಾರಿ ಎಂದು ಬಿಡಿಸಿ ಹೇಳಬೇಕೆಂಬುದು ಧರ್ಮಸಭೆಯ ಕಾನೂನೇ. 'ವಾರಕ್ಕೆ ನಾಲ್ಕು ದಿನ ಕುಡಿದೆ, ಎರಡು ಸಲ ಹೆಂಡತಿಯ ಮೇಲೆ ಕೈ ಮಾಡಿದೆ, ಮಗಳ ಫೀಸಿಗೆ ಎತ್ತಿಟ್ಟ ದುಡ್ಡು ಓಸಿ ಜೂಜಿಗೆ ಹಾಕಿದೆ.' ಹೀಗೆ ಹೇಳುವಾಗ ಗಂಟಲು ಕಟ್ಟುತ್ತದೆ, ಕಟ್ಟಬೇಕು. ಗುರುಗಳು ಇದನ್ನು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಆದರೆ ಕ್ಷಮೆ ಸಿಕ್ಕಿತೆಂದು ಹೆಂಡತಿ ಮರುದಿನವೇ ನಂಬಬೇಕು ಎಂದು ಹಟ ಮಾಡಬಾರದು. ಓಸಿಗೆ ಹೋದ ಫೀಸು ವಾಪಸು ಬರಬೇಕು, ಕಂತಿನಲ್ಲಾದರೂ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಪ್ರಾರ್ಥನಾ ಕೂಟದಲ್ಲಿ ಪ್ರತಿಜ್ಞೆ ಮಾಡಿ ಅಂದೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈ ನಡುಗಿ ಬೆವರು ಕಿತ್ತುಬರುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಮಾತು ದಿಕ್ಕುತಪ್ಪುತ್ತದೆ. ಇದನ್ನು ದೆವ್ವದ ಕಾಟವೆಂದುಕೊಂಡು ಕೋಣೆಯಲ್ಲಿ ಕೂಡಿಹಾಕಿ ಪ್ರಾರ್ಥಿಸುತ್ತ ಕೂತರೆ ಜೀವವೇ ಹೋಗಬಹುದು. ಅಂಥವರು ನಿಲ್ಲಿಸುವ ಮೊದಲೇ ಡಾಕ್ಟರನ್ನು ಕಾಣಬೇಕು. ನಡುಕ ಶುರುವಾಗಿದ್ದರೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹತ್ತಿರದ ತಾಲೂಕು ಆಸ್ಪತ್ರೆಗೋ ತಡಮಾಡದೆ ಒಯ್ಯಬೇಕು. ಪ್ರಾರ್ಥನೆ ಆಸ್ಪತ್ರೆಯ ಮಂಚದ ಪಕ್ಕದಲ್ಲೂ ಆಗುತ್ತದೆ. ಸಲಹೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಖಾಲಿ ಮನೆ ತುಂಬುವುದು ಒಂಟಿಯಾಗಿ ಆಗುವ ಕೆಲಸವಲ್ಲ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಳ್ಳಿ ಎಂದು ಯಾಕೋಬನ ಪತ್ರ (5:16) ಹೇಳುತ್ತದೆ. ಪ್ರೊಟೆಸ್ಟಂಟ್ ಸಭೆಗಳವರಿಗೂ ಇದು ಅಷ್ಟೇ ಅನ್ವಯ. ಮೂರು ನಾಲ್ಕು ಗಂಡಸರು ಸಾಕು, ವಾರಕ್ಕೊಮ್ಮೆ ಒಂದು ತಾಸು. ಈ ವಾರ ಎಲ್ಲಿ ಬಿದ್ದೆ, ಬೀಳುವ ಮುಂಚೆ ಎಲ್ಲಿದ್ದೆ, ಯಾರ ಜತೆಗಿದ್ದೆ, ಕಿಸೆಯಲ್ಲಿ ಎಷ್ಟಿತ್ತು ಎಂದು ಕೇಳಿಕೊಳ್ಳಬೇಕು. ಬಿದ್ದವನು ವಾರದ ಕೂಟಕ್ಕೆ ಕಾಯದೆ ಅಂದೇ ಫೋನ್ ಮಾಡಬೇಕು, ಯಾಕೆಂದರೆ ಮುಚ್ಚಿಟ್ಟ ಒಂದು ದಿನ ಮೂರು ದಿನವಾಗುವುದು ಸುಲಭ. ಇಂಥ ಕೂಟ ಕೆಡುವುದು ಇಲ್ಲಿಯ ಮಾತು ಬಂದರಿನ ಚಹಾದಂಗಡಿಗೆ ಹೋದಾಗ, ಅಥವಾ ಒಬ್ಬನೇ ಉಪದೇಶಕ್ಕೆ ನಿಂತಾಗ. 1935ರಲ್ಲಿ ಅಮೆರಿಕದಲ್ಲಿ ಶುರುವಾದ, ಕುಡಿತ ಬಿಡುವವರ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಐದನೇ ಹೆಜ್ಜೆಯೂ ತಪ್ಪುಗಳನ್ನು ದೇವರ ಮುಂದೆ, ತನ್ನ ಮುಂದೆ, ಇನ್ನೊಬ್ಬ ಮನುಷ್ಯನ ಮುಂದೆ ಒಪ್ಪಿಕೊಳ್ಳುವುದೇ.

'ಇನ್ನು ಕುಡಿಯಲ್ಲ' ಎಂಬ ಸಂಕಲ್ಪ ಗಾಳಿಯಲ್ಲಿ ನಿಲ್ಲುವುದಿಲ್ಲ. ಗಡಿಯ ಮಾಜಾಳಿ ದಾಟಿ ಕುಡಿಯಲು ಗೋವಾದ ಪೋಳೆಂಗೆ ಹೋಗುವ ಸಂಜೆಯ ಬೈಕ್ ಸವಾರಿ ನಿಲ್ಲಬೇಕು. ಬೋಟಿನ ಪಾಲು ಕೈಗೆ ಬಂದ ಗಳಿಗೆಯಲ್ಲೇ ಮನೆಯ ಭಾಗ ಹೆಂಡತಿಯ ಖಾತೆಗೆ ಹೋಗಬೇಕು. ಮೊಬೈಲಿನ ಕೊಳಕು ಚಿತ್ರಗಳ ಚಟವಿದ್ದವರು ರಾತ್ರಿ ಫೋನನ್ನು ಹೊರಗಿನ ಕೋಣೆಯಲ್ಲಿ ಚಾರ್ಜಿಗಿಡಲಿ. ಆ ಹೊತ್ತಿಗೆ ಬೈಬಲಿನ ಪಶ್ಚಾತ್ತಾಪದ ಹಾಡಾದ 51ನೇ ಕೀರ್ತನೆಯ ನಾಲ್ಕು ಸಾಲು ಬಾಯಿಬಿಟ್ಟು ಓದಲಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಕಾರವಾರದ ಬೈತಖೋಲ ಬಂದರಿನಿಂದ ಭಟ್ಕಳದವರೆಗೆ ಬೋಟುಗಳು ದಡದಲ್ಲಿರುತ್ತವೆ. ಕೈಯಲ್ಲಿ ಕೆಲಸವಿಲ್ಲ, ಹೊರಗೆ ಮಳೆ, ಕುಡಿತ ಹೆಚ್ಚುವುದೂ ಆಗಲೇ. ಧರ್ಮಕೇಂದ್ರಗಳ ಗುರುಗಳಲ್ಲಿ ನಮ್ಮ ಬಿನ್ನಹ ಇಷ್ಟೆ: ಭಾನುವಾರದ ಪೂಜೆಗೆ ಮುಂಚಿನ ಹತ್ತು ನಿಮಿಷದಲ್ಲಿ ಯಾವ ಗಂಡಸೂ ಮನಸ್ಸು ಬಿಚ್ಚಲಾರ. ಈ ಎರಡು ತಿಂಗಳಾದರೂ ವಾರದಲ್ಲಿ ಎರಡು ಸಂಜೆ, 7ರಿಂದ 8.30ರವರೆಗೆ, ಪಾಪನಿವೇದನೆಗೆ ಕೂತುಕೊಳ್ಳಿ. ಸಮಯವನ್ನು ಬಂದರಿನಲ್ಲೂ ಬರೆದು ಹಚ್ಚಿ. ಗಂಡಸರ ಕೂಟಕ್ಕೆ ಇಗರ್ಜಿಯ ಪಕ್ಕದ ಒಂದು ಕೋಣೆಯ ಬೀಗದ ಕೈ ಕೊಡಿ.

– ಕೆಲವು ಕ್ರೈಸ್ತ ಓದುಗರು, ಕಾರವಾರ