ಮಗಳಿಗೊಂದು ಪತ್ರ: ನೀನು ಎದ್ದು ಕೇಳಿದ ದಿನ

ಪ್ರೀತಿಯ ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ನಿನ್ನೆ ಸಂಜೆ ಇಲ್ಲಿ ಸಿದ್ದಾಪುರದ ಕಡೆ ಹೂಮಳೆ ಬಿತ್ತು. ಇನ್ನೊಂದು ವಾರ ಹತ್ತು ದಿನಕ್ಕೆ ರೊಬಸ್ಟಾ ಕಾಫಿ ಹೂ ಬಿಡುತ್ತದೆ. ನೀನು ಮೈಸೂರಿಗೆ ಹೋಗಿ ಎರಡು ತಿಂಗಳಾಯಿತು. ಫೋನಿನಲ್ಲಿ ಊಟ ಆಯಿತಾ, ಡ್ಯೂಟಿ ಹೇಗಿದೆ ಅಂತ ಕೇಳಿ ಮುಗಿಸುತ್ತೇವೆ. ಹೇಳಬೇಕಾದದ್ದು ಬಾಯಿಗೆ ಬರುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜನವರಿಯ ಆ ಭಾನುವಾರ, ನಮ್ಮ ಚರ್ಚಿನ ಸಭೆಯಲ್ಲಿ. ಮೂರು ದಿನದ ಉಪವಾಸ ಪ್ರಾರ್ಥನೆಗೆ ಬಾರದವರ ಹೆಸರನ್ನು ಪಾಸ್ಟರ್ ಎಲ್ಲರ ಎದುರು ಓದಿದರು. ತೋಟದ ಕೂಲಿಯವರ ಲೈನ್ ಮನೆಯ ಅಕ್ಕ ಎದ್ದು ನಿಂತಳು. ಕಾಫಿ ಕೊಯ್ದ ಕರೆ ಅವಳ ಬೆರಳ ಸಂದಿಯಲ್ಲಿ ಕಪ್ಪಗೆ ಹಿಡಿದಿತ್ತು. ಅದು ಕಾಣದ ಹಾಗೆ ಸೆರಗಿನೊಳಗೆ ಕೈ ಮುಚ್ಚಿಕೊಂಡಿದ್ದಳು. ಮೂರು ತಿಂಗಳು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ, ಯಾರೂ ಪಕ್ಕದಲ್ಲಿ ಕೂರಬಾರದು ಅಂತ ತೀರ್ಪಾಯಿತು. ಆಗ ನೀನು ಎದ್ದು ಕೇಳಿದೆ: "ಅಯ್ಯಾ, ಮೂರು ದಿನ ಕೆಲಸ ಬಿಟ್ಟರೆ ಅಕ್ಕನ ಕೂಲಿ ಯಾರು ಕೊಡ್ತಾರೆ?"

ತಾವು ದೇವರೇ ಆರಿಸಿ ನೇಮಿಸಿದವರು ಅನ್ನುವ ಹಾಗೆ, "ಅಭಿಷಿಕ್ತರ ಮೇಲೆ ಬಾಯಿ ಮಾಡಬೇಡ" ಎಂದರು ಪಾಸ್ಟರ್. ಸಭೆ ಪೂರ್ತಿ ನನ್ನ ಕಡೆ ತಿರುಗಿತು. ನಾನು ಸಭೆಯ ಹಿರಿಯ, ಕಾಣಿಕೆ ಪೆಟ್ಟಿಗೆಯ ಬೀಗದ ಕೈ ನನ್ನ ಜೇಬಿನಲ್ಲಿ. ಹಾಡಿನ ಪುಸ್ತಕ ತೆಗೆದು ಪುಟ ಹುಡುಕುವವನ ಹಾಗೆ ತಲೆ ತಗ್ಗಿಸಿದೆ. ಮನೆಗೆ ಬಂದು ನಿನಗೇ ಬೈದೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ತೋಟದ ಕೂಲಿ ಲೆಕ್ಕ ಬರೆಯುವ ರೈಟರ್ ನಾನು. ಕೊಯ್ಲು ಮುಗಿಯುವವರೆಗೆ ಯಾರೂ ರಜೆ ಹಾಕಬೇಡಿ ಅಂತ ಲೈನಿನಲ್ಲಿ ಹೇಳಿ ಬಂದವನು ನಾನೇ. ಆ ಮೂರು ದಿನ ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ ಅವಳ ಹೆಸರಿನ ಮುಂದೆ ಹಾಜರಿ ಹಾಕಿದವನೂ ನಾನೇ. ಅವಳು ಎಲ್ಲಿದ್ದಳು ಅಂತ ಸಭೆಯಲ್ಲಿ ಸರಿಯಾಗಿ ಗೊತ್ತಿದ್ದವನು ನಾನೊಬ್ಬನೇ. ಆದರೂ ಸುಮ್ಮನಿದ್ದೆ. ನನ್ನನ್ನು ಕ್ಷಮಿಸು ಮಗಳೇ.

ಆಮೇಲೆ ರಾತ್ರಿ ನಿದ್ದೆ ಹತ್ತದೆ ಸತ್ಯವೇದ ತೆಗೆದು ಅಭಿಷಿಕ್ತರ ಆ ಮಾತು ಎಲ್ಲಿದೆ ಅಂತ ಹುಡುಕಿದೆ. 105ನೇ ಕೀರ್ತನೆಯಲ್ಲಿದೆ. ಅಲ್ಲಿ ದೇವರು ಗದರಿಸುವುದು ರಾಜರನ್ನು. ಊರಿಂದೂರಿಗೆ ಅಲೆಯುತ್ತಿದ್ದ, ನೆಲೆಯಿಲ್ಲದ ಅಬ್ರಹಾಮನ ಮನೆಯವರನ್ನು ಮುಟ್ಟಬೇಡಿ ಅಂತ. ಅಂದರೆ ಬಲ ಇರುವವರ ಕೈಯಿಂದ ಬಲ ಇಲ್ಲದವರನ್ನು ಕಾಯುವ ಮಾತು ಅದು. ಅದನ್ನು ಆ ಭಾನುವಾರ ಅಕ್ಕನ ಮೇಲೆ, ನಿನ್ನ ಮೇಲೆ ತಿರುಗಿಸಿದರು.

ದಾವೀದನೂ ತನ್ನನ್ನು ಕೊಲ್ಲಲು ಬೆನ್ನಟ್ಟಿದ್ದ ರಾಜ ಸೌಲನನ್ನು ಅಭಿಷಿಕ್ತ ಎಂದೇ ಕರೆದ. ಏನ್ಗೆದಿಯ ಗುಹೆಯಲ್ಲಿ ಸೌಲ ಕೈಗೆ ಸಿಕ್ಕಿದಾಗ ಕೊಲ್ಲಲಿಲ್ಲ, ನಿಲುವಂಗಿಯ ಅಂಚು ಕತ್ತರಿಸಿದ್ದಕ್ಕೇ ಅವನ ಮನಸ್ಸು ಚುಚ್ಚಿತು. ಇಷ್ಟನ್ನು ನಮಗೆ ನೂರು ಸಲ ಬೋಧಿಸಿದ್ದಾರೆ. ಮುಂದಿನದನ್ನು ಯಾಕೋ ಓದುವುದಿಲ್ಲ. ಸೌಲ ಹೊರಗೆ ಹೋದ ಮೇಲೆ ದಾವೀದ ಗುಹೆಯಿಂದ ಹೊರಬಂದು, ಸೌಲನ ಮೂರು ಸಾವಿರ ಜನರಿಗೂ ಕೇಳುವ ಹಾಗೆ ಕೂಗಿದ. ಒಡೆಯಾ ಅಂತ ಕರೆದು, ನೆಲದವರೆಗೆ ಬಾಗಿ ನಮಸ್ಕರಿಸಿ, ನನ್ನನ್ನು ಯಾಕೆ ಬೇಟೆಯಾಡುತ್ತೀ, ನಮ್ಮಿಬ್ಬರ ನಡುವೆ ದೇವರೇ ನ್ಯಾಯ ತೀರಿಸಲಿ ಅಂದ. ಸೌಲ ಅತ್ತ ಮೇಲೂ ಅವನ ಹಿಂದೆ ಅರಮನೆಗೆ ಹೋಗಲಿಲ್ಲ. ಕೈ ಎತ್ತಲಿಲ್ಲ ನಿಜ, ಬಾಯಿ ಮುಚ್ಚಲೂ ಇಲ್ಲ. ನೀನು ಅಯ್ಯಾ ಎಂದೇ ಕೇಳಿದ್ದೆ. ನಿನ್ನ ಮಾತಿನಲ್ಲಿ ನನಗೆ ತಪ್ಪು ಸಿಗಲಿಲ್ಲ.

ನಮ್ಮ ಅಜ್ಜಿಯ ತವರು ಅಮ್ಮತ್ತಿ ಹತ್ತಿರದ ಆನಂದಪುರ ಅಂತ ನಿನಗೆ ಗೊತ್ತು. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಅಲ್ಲಿ ನೆಲೆ ಮಾಡಿಕೊಟ್ಟದ್ದು ಒಡೆಯರ ಜಮೀನಿಗೆ ಕಟ್ಟುಬಿದ್ದಿದ್ದ ನಮ್ಮ ಜನಕ್ಕೆ. ಅಜ್ಜಿ ಹೇಳುತ್ತಿದ್ದಳು, ಒಡೆಯ ಬಂದರೆ ದಾರಿ ಬಿಟ್ಟು ಕೆಳಗಿಳಿದು ನಿಲ್ಲಬೇಕಿತ್ತಂತೆ. ಚರ್ಚಿನಲ್ಲಿ ಎಲ್ಲರ ಜೊತೆ ಒಂದೇ ಚಾಪೆಯಲ್ಲಿ ಕೂತ ದಿನವನ್ನು ಅವಳ ಹಿರಿಯರು ಹಬ್ಬದ ಹಾಗೆ ನೆನೆಯುತ್ತಿದ್ದರಂತೆ. ಅಂಥವರ ಮೊಮ್ಮಗ ನಾನು, ಒಬ್ಬಳನ್ನು ಚಾಪೆಯಿಂದ ಎಬ್ಬಿಸುವಾಗ ಪುಸ್ತಕದಲ್ಲಿ ಮುಖ ಹುದುಗಿಸಿ ಕೂತೆ. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಫೆಬ್ರವರಿಯಲ್ಲಿ ಪಾಸ್ಟರನ್ನು ಒಬ್ಬನೇ ಕಂಡು ಮಾತಾಡಿದೆ. ಕೇಳಲಿಲ್ಲ. ಮತ್ತಾಯ 18ರಲ್ಲಿ ಹೇಳಿದ ಹಾಗೆ ಎರಡನೇ ಸಲ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋದೆ. ಸಭೆ ಒಡೆಯುವ ಆತ್ಮ ನಿನ್ನಲ್ಲಿ ಸೇರಿದೆ ಅಂದರು. ನಾಯಕರ ಮಾತು ಕೇಳಬೇಕು ಅಂತ ಇಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯ ತೋರಿಸಿದರು. ಅದೇ ವಚನದಲ್ಲಿ ನಾಯಕರು ಲೆಕ್ಕ ಕೊಡಬೇಕಾದವರು ಅಂತಲೂ ಇದೆ, ಓದಿ ಅಯ್ಯಾ ಅಂದೆ. ಪುಸ್ತಕ ಮುಚ್ಚಿದರು.

ಕಳೆದ ಭಾನುವಾರ ಕಾಣಿಕೆ ಪುಸ್ತಕವನ್ನೂ ಬೀಗದ ಕೈಯನ್ನೂ ಎಲ್ಲರ ಎದುರು ಮೇಜಿನ ಮೇಲಿಟ್ಟೆ. ಆ ಮೂರು ದಿನ ಅಕ್ಕ ನನ್ನ ಮಾತಿಗೆ ಕೆಲಸಕ್ಕೆ ಬಂದಿದ್ದಳು, ಶಿಕ್ಷೆ ಕೊಡುವುದಾದರೆ ನನಗೆ ಕೊಡಿ ಅಂದೆ. ಧ್ವನಿ ನಡುಗಿತು. ಯಾರೂ ಏನೂ ಅನ್ನಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಇಬ್ಬರು ಬಂದು ಕೈ ಹಿಡಿದು ಹೋದರು, ಅಷ್ಟೇ.

ಇನ್ನು ಯಾವ ಸಭೆಗೂ ಕಾಲಿಡಲ್ಲ ಅಂತ ಅಮ್ಮನ ಹತ್ತಿರ ಹೇಳಿದೆಯಂತೆ. ಹೋಗು ಅಂತ ನಾನು ಬಲವಂತ ಮಾಡುವುದಿಲ್ಲ, ಆ ಹಕ್ಕನ್ನು ಕಳೆದುಕೊಂಡಿದ್ದೇನೆ. ಮುಂದೆ ಎಂದಾದರೂ ಮನಸ್ಸು ಬಂದರೆ, ಅಲ್ಲಿ ಪ್ರಶ್ನೆ ಕೇಳಿದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಕಾಣಿಕೆಯ ಲೆಕ್ಕ ಎಲ್ಲರಿಗೂ ಓದಿ ಹೇಳುತ್ತಾರಾ ಅಂತ ಮೊದಲು ನೋಡು. ಹಾಡು ಎಷ್ಟು ಚೆನ್ನಾಗಿದೆ ಅಂತ ಆಮೇಲೆ ನೋಡಿದರಾಯಿತು. ಪ್ರಾರ್ಥನೆ ಮಾತ್ರ ಬಿಡಬೇಡ. ನಿನಗಾಗಿ ನಾವೂ ದಿನಾ ಮೊಣಕಾಲೂರುತ್ತೇವೆ.

ಅಕ್ಕನ ಮೂರು ತಿಂಗಳು ಇನ್ನೂ ಮುಗಿದಿಲ್ಲ. ಹಿಂದಿನ ಬಾಗಿಲ ಹತ್ತಿರ ಒಬ್ಬಳೇ ಕೂರುತ್ತಾಳೆ. ನಾಳೆ ಭಾನುವಾರ. ನಿನ್ನ ಅಮ್ಮ ದೊಡ್ಡ ಚಾಪೆ ಕೊಡವಿ ಬಾಗಿಲ ಪಕ್ಕ ಇಟ್ಟಿದ್ದಾಳೆ, ಮೂವರಿಗೆ ಸಾಕಾಗುತ್ತದೆ.

ನಿನ್ನ ಅಪ್ಪ