ಯಾರೂ ಹತ್ತದ ಕುದುರೆ: ಭಟ್ಕಳದ ದೋಸ್ತನಿಗೊಂದು ಪತ್ರ

ಪ್ರೀತಿಯ ದೋಸ್ತ,

ಮಂಗೋಲಿಯಾದಿಂದ ವಾಪಸ್ ಬಂದು ಹತ್ತು ದಿನ ಆಯಿತು. ನೀನು ಫೋನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ, ಆ ಕಾಡುಕುದುರೆ ಹತ್ತಿದ್ಯೋ ಇಲ್ವೋ?" ಆಗ ನಾನು ತೋಟದಲ್ಲಿದ್ದೆ. ಮಳೆ ಸ್ವಲ್ಪ ಹೊಳವಾಗಿತ್ತು, ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವವರು ಮರದ ಮೇಲಿದ್ದರು, ನಿನ್ನ ಮಾತು ಅರ್ಧ ಕೇಳಿಸುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಅದಕ್ಕೆ ಈಗ ಕೂತು ಬರೆಯುತ್ತಿದ್ದೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಇಲ್ಲ ಮಾರಾಯಾ, ಹತ್ತಲಿಲ್ಲ. ಹತ್ತಿರಕ್ಕೂ ಹೋಗಲಿಲ್ಲ.

ಮಂಗೋಲಿಯಾಕ್ಕೆ ಹೊರಟಾಗ ಅಪ್ಪ ಮಾತು ಬಿಟ್ಟಿದ್ದರು. ಬೋರ್ಡೋ ಮದ್ದು ಹೊಡೆಯುವ ಹೊತ್ತಿಗೆ ತೋಟ ಬಿಟ್ಟು ಕುದುರೆ ನೋಡಲು ಹೋಗುವವನನ್ನು ಈ ಸೀಮೆಯಲ್ಲಿ ಇವನೊಬ್ಬನನ್ನೇ ಕಂಡದ್ದು ಅಂತ ಆಚೆಮನೆಯವರ ಹತ್ತಿರ ಹೇಳಿದ್ದರಂತೆ. ಆದರೆ ಏನು ಮಾಡುವುದು, ಅಲ್ಲಿ ಕುದುರೆ ಹತ್ತಿ ತಿರುಗಲು ಒಳ್ಳೆ ಕಾಲ ಅಂದರೆ ಜುಲೈ, ಆಗಸ್ಟ್. ಚಳಿಗಾಲದಲ್ಲಿ ಹೋದರೆ ಮೈನಸ್ ಮೂವತ್ತು ಡಿಗ್ರಿ ಇರುತ್ತದೆ.

ಹೋದ ಜಾಗದ ಹೆಸರು ಹುಸ್ತಾಯ್. ರಾಜಧಾನಿ ಉಲಾನ್‌ಬಾತರ್‌ನಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್. ಗುಡ್ಡ ಅಂದರೆ ನಮ್ಮ ದೇವಿಮನೆ ಘಟ್ಟದ ಹಾಗೆ ಕಲ್ಪಿಸಿಕೊಳ್ಳಬೇಡ. ಮರ ಇಲ್ಲ ಅಂತಲೇ ಹೇಳಬಹುದು, ಎಲ್ಲೋ ಉತ್ತರದ ಮಗ್ಗುಲಲ್ಲಿ ಒಂದಿಷ್ಟು ಬರ್ಚ್ ಮರ. ಉಳಿದದ್ದೆಲ್ಲ ಬೇಣ. ನಮ್ಮಲ್ಲಿ ದನ ಮೇಯಿಸುವ ಬೇಣ ಇದೆಯಲ್ಲ, ಅದನ್ನು ಹಿಡಿದು ಎಳೆದು ಆಕಾಶದ ತುದಿಯವರೆಗೆ ಹಾಸಿದ ಹಾಗೆ. ಮೊದಲ ದಿನ ನನಗೆ ಒಂಥರಾ ಭಯವೇ ಆಯಿತು. ಸಿರ್ಸಿಯವನಿಗೆ ಕಣ್ಣು ಇಪ್ಪತ್ತು ಮೀಟರ್ ಆಚೆ ಯಾವುದಾದರೂ ಮರಕ್ಕೆ ಹೋಗಿ ಬಡಿಯಬೇಕು. ಅಲ್ಲಿ ಬಡಿಯುವುದಕ್ಕೆ ಏನೂ ಇಲ್ಲ.

ನಾವು ನಾಲ್ವರು, ಇಂಗ್ಲಿಷ್ ಬರುವ ಒಬ್ಬ ಕಾಲೇಜು ಹುಡುಗಿ, ಮತ್ತೆ ಕುದುರೆಗಳ ಯಜಮಾನ ಒಬ್ಬ ಅಜ್ಜ. ಮೂರು ರಾತ್ರಿ ತೂಲ್ ಹೊಳೆಯ ಬದಿಯಲ್ಲಿ ಟೆಂಟ್, ಹಗಲು ಕುದುರೆ. ಅಲ್ಲಿಯ ಕುದುರೆ ನಮ್ಮ ಸಿನಿಮಾದ ಕುದುರೆ ಅಲ್ಲ. ಗಿಡ್ಡ, ತಲೆ ದಪ್ಪ, ಹೊಟ್ಟೆ ದುಂಡಗೆ, ಹತ್ತಿ ಕೂತರೆ ನನ್ನ ಕಾಲು ಹುಲ್ಲಿಗೆ ತಾಗುತ್ತದೇನೋ ಅನ್ನಿಸುತ್ತದೆ. ಎತ್ತರ ನೋಡಿ ನಕ್ಕಿದ್ದೆ, ಅರ್ಧ ಗಂಟೆಯಲ್ಲಿ ನಗು ನಿಂತಿತು. ಹೋಗು ಅನ್ನುವುದಕ್ಕೆ "ಚೂ" ಅನ್ನಬೇಕು. ಒಮ್ಮೆ ಚೂ ಅಂದರೆ ಅದು ದುಡುದುಡು ಅಂತ ಒಂದು ಓಟ ಹಿಡಿಯುತ್ತದೆ, ಆ ಓಟದಲ್ಲಿ ಕೂತಿದ್ದರೆ ಬೆನ್ನುಮೂಳೆ ಪುಡಿಯಾಗುತ್ತದೆ. ಅಲ್ಲಿಯವರು ರಿಕಾಪಿನ ಮೇಲೆ ಎದ್ದು ನಿಂತೇ ಮೈಲಿಗಟ್ಟಲೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಆರು ವಾರ ಕ್ಲಾಸಿಗೆ ಹೋಗಿ ಕಲಿತದ್ದೆಲ್ಲ ಮೊದಲ ಗುಡ್ಡ ದಾಟುವುದರೊಳಗೆ ಮರೆತುಹೋಯಿತು. ಎರಡನೇ ದಿನ ನಾನು ನಡೆಯುವ ರೀತಿ ನೋಡಿ ಆ ಅಜ್ಜ ಬಿದ್ದುಬಿದ್ದು ನಕ್ಕ.

ಕುದುರೆಗೆ ಅಲ್ಲಿ ಸಾಮಾನ್ಯವಾಗಿ ಹೆಸರಿಡುವುದಿಲ್ಲ, ಬಣ್ಣದಿಂದ ಕರೆಯುತ್ತಾರೆ. ನಮ್ಮಲ್ಲಿ ದನಕ್ಕೆ ಕೆಂಪಿ, ಕಪ್ಪಿ ಅನ್ನುವ ಹಾಗೆ ಅಂದುಕೋ. ನಾನು ಮಾತ್ರ ನನ್ನದಕ್ಕೆ ಕೆಂಚ ಅಂತ ಇಟ್ಟೆ. ಆ ಕೆಂಚನೇ ನನ್ನನ್ನು ಕೆಡವುವುದರಲ್ಲಿದ್ದ. ತಪ್ಪು ನನ್ನದೇ. ಜೀನಿನ ಮೇಲೆ ಕೂತೇ ಜೇಬಿನಿಂದ ತೊಡದೇವಿನ ಪ್ಯಾಕೆಟ್ ತೆಗೆದೆ. ಆ ಪ್ಲಾಸ್ಟಿಕ್ಕಿನ ಪರಪರ ಸದ್ದಿಗೆ ಕೆಂಚ ಬೆಚ್ಚಿ ಒಂದೇ ಸಮನೆ ಓಡಿದ. ನಾನು ಎರಡೂ ಕೈಯಲ್ಲಿ ಜೀನು ಹಿಡಿದು ನೇತಾಡುತ್ತಾ, ಬಾಯಲ್ಲಿ ಮಾರಿಕಾಂಬೆ ಹೆಸರು ಹೇಳುತ್ತಾ... ಅಜ್ಜ ಹಿಂದಿನಿಂದ ಬಂದು ಲಗಾಮು ಹಿಡಿದ. ಆಮೇಲೆ ಬೈದ. ಹುಡುಗಿ ಅದನ್ನು ಇಂಗ್ಲಿಷಿಗೆ ತರಲಿಲ್ಲ, ತರುವ ಅಗತ್ಯವೂ ಇರಲಿಲ್ಲ. ತೊಡದೇವು ಪುಡಿಪುಡಿ. ಅಮ್ಮನಿಗೆ ಹೇಳಬೇಡ, ಎಲ್ಲರಿಗೂ ಹಂಚಿದೆ ಅಂತ ಹೇಳಿದ್ದೇನೆ.

ಊಟದ ಕಥೆ ಬೇಗ ಮುಗಿಸುತ್ತೇನೆ. ಎಲ್ಲದರಲ್ಲೂ ಕುರಿ. ನಾನು ಅವಲಕ್ಕಿ, ಉಪ್ಪಿನಕಾಯಿ ಮೇಲೆ ಬದುಕಿದೆ. ಚಹಾಕ್ಕೆ ಹಾಲು, ಉಪ್ಪು ಹಾಕುತ್ತಾರೆ, ಮೂರನೇ ಲೋಟದಿಂದ ಅಡ್ಡಿಲ್ಲ ಅನ್ನಿಸಿತು. ಯಾರ ಗುಡಾರಕ್ಕೆ ಹೋದರೂ ಆಸರಿಗೆ ಕೇಳುವುದೇ ಇಲ್ಲ, ಸೀದಾ ಐರಾಗ್ ಬಟ್ಟಲು ಕೈಗೆ. ಕುದುರೆ ಹಾಲನ್ನು ಹುಳಿ ಬರಿಸಿದ್ದು. ನಾಲ್ಕು ದಿನದ ಮಜ್ಜಿಗೆಗೆ ನೀರು ಜಾಸ್ತಿ ಹಾಕಿ ಯಾರೋ ಸೋಡಾ ಬೆರೆಸಿದ ಹಾಗೆ.

ಈಗ ಕುದುರೆಗೆ ಬರುತ್ತೇನೆ. ಅಲ್ಲಿ ಜನರಿಗಿಂತ ಕುದುರೆ ಜಾಸ್ತಿ, ದಾರಿಯುದ್ದಕ್ಕೂ ಬಯಲಲ್ಲಿ ಬಿಟ್ಟ ಕುದುರೆಗಳೇ. ಆದರೆ ಅವೆಲ್ಲ ಒಬ್ಬರಲ್ಲ ಒಬ್ಬರಿಗೆ ಸೇರಿದವು. ನಾವು ನೋಡಲು ಹೋದದ್ದು ತಾಖಿ, ನೀನು ಕೇಳಿದ ಆ ಕಾಡುಕುದುರೆ. ಪುಸ್ತಕದಲ್ಲಿ ಇದಕ್ಕೆ ಪ್ರಝೆವಾಲ್ಸ್ಕಿ ಕುದುರೆ ಅನ್ನುತ್ತಾರೆ, ಒಬ್ಬ ರಷ್ಯನ್ ಪ್ರವಾಸಿಯ ಹೆಸರು. ಆ ಅಜ್ಜನ ಎದುರು ಆ ಹೆಸರು ಹೇಳಿದರೆ ಯಾರದ್ದೋ ಮನೆ ಮಗುವಿಗೆ ನಾವು ನಾಮಕರಣ ಮಾಡಿದ ಹಾಗೆ ಮುಖ ಮಾಡುತ್ತಿದ್ದ. ಹಾಗಾಗಿ ತಾಖಿ.

ಮೂರನೇ ದಿನ ಸಂಜೆ. ಹಗಲಲ್ಲಿ ಬಿಸಿಲು, ನೊಣದ ಕಾಟಕ್ಕೆ ತಾಖಿಗಳು ಗುಡ್ಡದ ನೆತ್ತಿಗೆ ಹತ್ತಿರುತ್ತವೆ, ಸಂಜೆ ನೀರಿಗೆ ಇಳಿಯುತ್ತವೆ. ನಮ್ಮ ಕುದುರೆಗಳನ್ನು ಗುಡ್ಡದ ಈಚೆಗೇ ಬಿಟ್ಟೆವು. ಅಜ್ಜ ಚರ್ಮದ ಹಗ್ಗದಿಂದ ಅವುಗಳ ಮೂರು ಮೂರು ಕಾಲು ಸೇರಿಸಿ ಕಟ್ಟಿದ. ಆಮೇಲೆ ಒಂದು ಹಿಡಿ ಹುಲ್ಲು ಕಿತ್ತು ಗಾಳಿಗೆ ಬಿಟ್ಟು ನೋಡಿ, ಆ ಕಡೆ ಬೇಡ ಈ ಕಡೆ ಅಂತ ಕೈ ಮಾಡಿ, ನಮ್ಮನ್ನು ಬಗ್ಗಿಸಿಕೊಂಡು ಏರಿಗೆ ಹತ್ತಿಸಿದ. ಒಂದು ಬಂಡೆ ಪಕ್ಕ ಹೊಟ್ಟೆ ಮೇಲೆ ಮಲಗಿದೆವು. ಎರಡು ಗಂಟೆ. ಉಂಬಳದಂಥ ರಕ್ತ ಹೀರುವ ಹುಳ ಇಲ್ಲದ ನೆಲದಲ್ಲಿ ಮಲಗುವುದು ಎಂಥ ಸುಖ ಅಂತ ನಿನಗೆ ಗೊತ್ತಾಗುವುದಿಲ್ಲ, ನೀನು ಕಡಲ ಬದಿಯವನು. ಮಾರ್ಮೊಟ್ ಅಂತ ಬೆಕ್ಕಿನ ಗಾತ್ರದ ಅಳಿಲಿನ ಜಾತಿಯದ್ದೊಂದು ಬಿಲದಿಂದ ಎದ್ದು ನಿಂತು ಸಿಳ್ಳೆ ಹೊಡೆಯುತ್ತಿತ್ತು. ಮತ್ತೇನೂ ಇಲ್ಲ. ನನಗೆ ನಿದ್ದೆ ಹತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹುಡುಗಿ ಮೊಣಕೈಯಲ್ಲಿ ತಿವಿದಳು. ಎದುರಿನ ಇಳಿಜಾರಿನಲ್ಲಿ ಸಾಲಾಗಿ ಇಳಿಯುತ್ತಿದ್ದವು. ಮುಂದೆ ಒಂದು ದೊಡ್ಡ ಹೆಣ್ಣು, ಅದರ ಹಿಂದೆ ನಾಲ್ಕು, ನಡುವೆ ಎರಡು ಮರಿ, ಎಲ್ಲಕ್ಕೂ ಕೊನೆಗೆ, ಸ್ವಲ್ಪ ದೂರ ಬಿಟ್ಟು, ಗಂಡು. ಬಣ್ಣ ಒಣ ಭತ್ತದ ಹುಲ್ಲಿನದ್ದು. ಮೂತಿ ಮಾತ್ರ ಬಿಳಿ, ಹಿಟ್ಟಿನ ಡಬ್ಬಿಗೆ ಬಾಯಿ ಹಾಕಿ ಸಿಕ್ಕಿಬಿದ್ದವರ ಹಾಗೆ. ಬೆನ್ನಿನ ಉದ್ದಕ್ಕೂ ಒಂದು ಕಪ್ಪು ಗೆರೆ. ಕಾಲಿಗೆ ಕಪ್ಪು ಕಾಲುಚೀಲ, ದುರ್ಬೀನಿನಲ್ಲಿ ನೋಡಿದರೆ ಅದರ ಮೇಲೆ ತೆಳ್ಳಗೆ ಪಟ್ಟೆ. ಕೂದಲು ಕುತ್ತಿಗೆ ಮೇಲೆ ಜೋತು ಬೀಳುವುದಿಲ್ಲ, ಹಲ್ಲುಜ್ಜುವ ಬ್ರಶ್‌ನ ಹಾಗೆ ನೆಟ್ಟಗೆ ನಿಂತಿರುತ್ತದೆ, ಹಣೆ ಬೋಳು. ಒಂದು ಮರಿ ನೀರಿನ ಹತ್ತಿರ ಬಂದದ್ದೇ ಕಾಲು ಚಾಚಿ ಹುಲ್ಲಿನಲ್ಲಿ ಚಪ್ಪಟೆಯಾಗಿ ಮಲಗಿಬಿಟ್ಟಿತು. ತಾಯಿ ಅದರ ಮೇಲೆ ನೆರಳು ಬೀಳುವ ಹಾಗೆ ನಿಂತು ಮೇಯುತ್ತಿತ್ತು. ಬೇಕಂತಲೇ ನಿಂತಿತ್ತೋ ಸುಮ್ನೆ ಹಾಗಾಯಿತೋ, ನನಗೆ ಬೇಕಂತಲೇ ಅನ್ನಿಸಿತು.

ಗಂಡು ನೀರು ಕುಡಿಯಲಿಲ್ಲ. ದಾರಿಯಲ್ಲೊಂದು ಲದ್ದಿಯ ರಾಶಿ ಇತ್ತು. ಅದನ್ನು ಮೂಸಿತು, ತಲೆ ಎತ್ತಿ ಮೇಲ್ದುಟಿ ಮಡಚಿ ಹಲ್ಲು ತೋರಿಸಿ ಒಂದಿಷ್ಟು ಹೊತ್ತು ಯೋಚನೆ ಮಾಡಿತು, ತಿರುಗಿ ನಿಂತು ಅದರ ಮೇಲೇ ತನ್ನದೂ ಹಾಕಿತು, ಮತ್ತೆ ತಿರುಗಿ ಮೂಸಿ ಸರಿಯಾಗಿದೆಯಾ ಅಂತ ನೋಡಿತು. ಸರ್ವೆ ನಂಬರಿನ ಕಲ್ಲು ನೆಟ್ಟು ಬಂದ ನಮ್ಮೂರ ಯಜಮಾನರೇ. ನಾನು ನಕ್ಕೆ, ಅಜ್ಜ ನನ್ನ ಬೆನ್ನಿಗೊಂದು ಕೊಟ್ಟ.

ಆಗ ಅದು ನಮ್ಮ ಕಡೆ ನೋಡಿತು. ಕೊಟ್ಟಿಗೆಯ ಹಸು ನೋಡುತ್ತದಲ್ಲ, ಕೈಯಲ್ಲಿ ಏನು ತಂದಿದ್ದೀ ಅಂತ, ಕೆಂಚನೂ ಹಾಗೇ ನೋಡುತ್ತಾನೆ. ಇದರ ನೋಟದಲ್ಲಿ ಅದು ಇರಲಿಲ್ಲ. ನಮ್ಮಿಂದ ಅದಕ್ಕೆ ಏನೂ ಬೇಕಾಗಿರಲಿಲ್ಲ. ಓಡಬೇಕೋ ಬೇಡವೋ ಅಂತ ಲೆಕ್ಕ ಹಾಕಿ, ಬೇಡ ಅಂತ ತೀರ್ಮಾನಿಸಿ, ಹುಲ್ಲಿಗೆ ಬಾಯಿ ಹಾಕಿತು. ಅಷ್ಟೆ.

ಇನ್ನೂ ನೋಡಬಹುದಿತ್ತು, ಕೆಂಚ ಕೆಡಿಸಿದ. ಗುಡ್ಡದ ಈಚೆಯಿಂದ ಜೋರಾಗಿ ಕೆನೆದ. ಗಂಡಿನ ಕಿವಿ ಎರಡೂ ನೆಟ್ಟಗಾದವು. ನಮ್ಮ ಕಡೆಗೇ ಹತ್ತು ಹೆಜ್ಜೆ ಓಡಿ ಬಂದು ನಿಂತಿತು. ಅಜ್ಜ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಅದಕ್ಕೆ ಕಾರಣ ಆಮೇಲೆ ಹುಡುಗಿ ಹೇಳಿದಳು. ತಾಖಿಗೆ 66 ಕ್ರೋಮೋಸೋಮು, ಸಾಕು ಕುದುರೆಗೆ 64. ಆದರೂ ಎರಡೂ ಕೂಡಿದರೆ ಮರಿ ಆಗುತ್ತದೆ, 65ರದ್ದು, ಅದಕ್ಕೂ ಮುಂದೆ ಮರಿ ಆಗುತ್ತದೆ. ಹೀಗೆ ಬೆರೆಯುತ್ತಾ ಹೋದರೆ ತಾಖಿಯೇ ಉಳಿಯುವುದಿಲ್ಲ. ಅದಕ್ಕೇ ಎರಡನ್ನೂ ದೂರ ಇಡುತ್ತಾರೆ. ನಾವು ಹತ್ತಿದ್ದೆಲ್ಲ ಬೀಜ ಒಡೆಸಿದ ಕುದುರೆಗಳು, ಆ ಹೆದರಿಕೆ ಇಲ್ಲ, ಆದರೆ ಜಗಳ ಆದರೆ ಕಾಲು ಕಟ್ಟಿದ ಕೆಂಚನ ಗತಿ ಏನು? ಪುಣ್ಯಕ್ಕೆ ಗಂಡು ಮನಸ್ಸು ಬದಲಿಸಿತು. ತಲೆ ನೆಲಕ್ಕೆ ತಾಗಿಸಿದ ಹಾಗೆ ಕುತ್ತಿಗೆ ಚಾಚಿ, ಕಿವಿ ಹಿಂದಕ್ಕೆ ಒತ್ತಿ, ಹಾವಿನ ಹಾಗೆ ಹರಿಯುತ್ತಾ ತನ್ನ ಹೆಣ್ಣುಗಳನ್ನು ಅಟ್ಟಿಕೊಂಡು ಹೊರಟಿತು. ಮಲಗಿದ್ದ ಮರಿ ಎದ್ದು ಓಡಿದ್ದು ಎಲ್ಲಕ್ಕಿಂತ ಕೊನೆಗೆ. ಐದು ನಿಮಿಷದಲ್ಲಿ ಇಳಿಜಾರು ಖಾಲಿ.

ಆ ರಾತ್ರಿ ಒಣ ಸಗಣಿಯ ಬೆಂಕಿ ಮುಂದೆ ಕೂತು ಕೇಳಿದ ಕಥೆ ಇನ್ನೂ ತಲೆಯಲ್ಲಿ ಸುತ್ತುತ್ತಿದೆ. 1900ರ ಆಸುಪಾಸಿನಲ್ಲಿ ಯುರೋಪಿನ ಮೃಗಾಲಯದವರಿಗೆ ಈ ಕುದುರೆ ಬೇಕಾಯಿತು. ದೊಡ್ಡದನ್ನು ಹಿಡಿಯಲು ಆಗುವುದಿಲ್ಲ, ಹಾಗಾಗಿ ಓಡಿಸಿ ಓಡಿಸಿ, ಸುಸ್ತಾಗಿ ಹಿಂದೆ ಬಿದ್ದ ಮರಿಗಳನ್ನು ಹಿಡಿದರು. ದಾರಿಯಲ್ಲೇ ಬಹಳಷ್ಟು ಸತ್ತವು. ಇತ್ತ ಬಯಲಿನಲ್ಲಿ ಬೇಟೆ, ಚಳಿ, ಮೇವಿಗೆ ಪೈಪೋಟಿ ಎಲ್ಲ ಸೇರಿ ಕಡಿಮೆಯಾಗುತ್ತಾ ಹೋಗಿ, 1969ರಲ್ಲಿ ಗೋಬಿ ಮರುಭೂಮಿಯಲ್ಲಿ ಕಂಡ ಒಂದು ತಾಖಿಯೇ ಕೊನೆ. ಉಳಿದದ್ದು ಮೃಗಾಲಯದ ಬೇಲಿಯೊಳಗಿನವು ಮಾತ್ರ. ನಾವು ನೋಡಿದವೂ ಸೇರಿ ಇವತ್ತು ಜಗತ್ತಿನಲ್ಲಿರುವ ತಾಖಿಗಳೆಲ್ಲ ಹತ್ತು ಹದಿನೈದು ಕುದುರೆಗಳ ಸಂತಾನ. 1992ರಲ್ಲಿ ವಿಮಾನದಲ್ಲಿ ವಾಪಸ್ ತಂದು ಬಿಟ್ಟರು. ಈಗ ಹುಸ್ತಾಯ್ ಒಂದರಲ್ಲೇ ಮುನ್ನೂರಕ್ಕೂ ಹೆಚ್ಚು ಇವೆ. ತೋಳ ಮರಿ ಒಯ್ಯುತ್ತದೆ, ಚಳಿಯೂ ಒಯ್ಯುತ್ತದೆ. ಗೋಬಿ ಕಡೆ ಬಿಟ್ಟಿದ್ದ ಹಿಂಡಿನಲ್ಲಿ 2009-10ರ ಒಂದೇ ಚಳಿಗಾಲಕ್ಕೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಹೋದವಂತೆ.

2018ರಲ್ಲಿ ಹಳೆ ಮೂಳೆಯ ಡಿಎನ್ಎ ನೋಡಿದವರು ಇನ್ನೊಂದು ತಕರಾರು ತೆಗೆದಿದ್ದಾರೆ. ಇವುಗಳ ಹಿರಿಯರನ್ನು ಐದೂವರೆ ಸಾವಿರ ವರ್ಷದ ಹಿಂದೆ ಕಜಕಸ್ತಾನದ ಬೊತಾಯ್ ಜನ ಸಾಕಿದ್ದರು, ಇವು ತಪ್ಪಿಸಿಕೊಂಡು ಕಾಡಾದವು ಅಂತ. ಬೇರೆಯವರು ಒಪ್ಪಿಲ್ಲ, ಜಗಳ ನಡೆದಿದೆ. ನಿಜ ಆದರೂ ನನಗೆ ಬೇಜಾರಿಲ್ಲ. ಐದು ಸಾವಿರ ವರ್ಷ ವಾಪಸ್ ಬರಲಿಲ್ಲ ಅಂದರೆ ಅದು ಕಾಡುಕುದುರೆಯೇ, ಅಲ್ವಾ?

ಅಲ್ಲಿ ಕೂತು ನನಗೆ ನೆನಪಾದದ್ದು ನಿನ್ನೂರು. ವಿಜಯನಗರದವರಿಗೆ ಅರಬ್ಬಿ ಕುದುರೆ ಇಳಿಯುತ್ತಿದ್ದದ್ದು ನಿಮ್ಮ ಭಟ್ಕಳ, ಹೊನ್ನಾವರದಲ್ಲಿ ಅಲ್ವೇನೋ. ಪೋರ್ಚುಗೀಸರ ನೂನಿಜ್, ತಾನೇ ಕುದುರೆ ವ್ಯಾಪಾರಿ, ಹದಿನಾರನೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ: ರಾಜ ಸಾಳುವ ನರಸಿಂಹನಿಗೆ ಕುದುರೆ ಎಷ್ಟು ಬೇಕಿತ್ತೆಂದರೆ, ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಜೀವಂತ ಕುದುರೆಯ ಹಣ ಕೊಡುತ್ತಿದ್ದನಂತೆ. ನಾವು ಶಾಲೆಯಲ್ಲಿ ಹಂಪಿಗೆ ಹೋದಾಗ ಹಜಾರರಾಮನ ಗುಡಿಯ ಗೋಡೆ ತುಂಬ ಕುದುರೆ ಸಾಲು ನೋಡಿ ನೀನು ಎಣಿಸಲು ಹೊರಟಿದ್ದೆ, ನೆನಪಿದೆಯಾ? ಆ ಸಾಲಿನಲ್ಲಿ ಒಂದೂ ಬರಿ ಬೆನ್ನಿನದ್ದು ಇತ್ತಾ ಅಂತ ಈಗ ಕೇಳಬೇಕು ಅನ್ನಿಸುತ್ತದೆ.

ಕೊನೆಯ ದಿನ ನಿನ್ನ ಪ್ರಶ್ನೆಯನ್ನೇ ಅಜ್ಜನಿಗೆ ಕೇಳಿಸಿದೆ. ತಾಖಿ ಹತ್ತಿದವರು ಯಾರಾದರೂ ಇದ್ದಾರಾ ಅಂತ. ಅಜ್ಜ ಏನೂ ಹೇಳಲಿಲ್ಲ, ನಶ್ಯದ ಬಾಟ್ಲಿ ತೆಗೆದು ಕೊಟ್ಟ. ಅದು ಅಲ್ಲಿಯ ಮರ್ಯಾದೆ. ನಾನು ಸೀನಿ ಸೀನಿ ಕಣ್ಣಲ್ಲಿ ನೀರು ಬರಿಸಿಕೊಂಡು, ತಿರುಗಿ ಕೊಡಲು ಬೇರೇನೂ ಇಲ್ಲದೆ ಕವಳದ ಚೀಲದಿಂದ ನಮ್ಮ ತೋಟದ್ದೇ ಒಂದು ಅಡಿಕೆ ಹೋಳು ಕೊಟ್ಟೆ. ಅಗಿದ, ಮುಖ ಕಿವುಚಿದ, ಉಗುಳಿದ. ಆದರೆ ಇನ್ನೊಂದು ಹೋಳು ಕೇಳಿ ಇಸಿದುಕೊಂಡು ಜೇಬಿಗೆ ಹಾಕಿದ, ಮನೆಯವರಿಗೆ ತೋರಿಸಲು ಇರಬೇಕು. ಅಪ್ಪನಿಗೆ ಇದೊಂದು ಸುದ್ದಿ ಮಾತ್ರ ಖುಷಿ ಕೊಟ್ಟಿತು.

ಫೋಟೋ ಕೇಳಬೇಡ, ಎಲ್ಲದರಲ್ಲೂ ಹುಲ್ಲಿನ ಮೇಲೆ ಏಳೆಂಟು ಚುಕ್ಕಿ. ಮಳೆ ಕಡಿಮೆಯಾಗಲಿ, ಬರುತ್ತೇನೆ. ಆ ಹಡಗುಗಳು ಬರುತ್ತಿದ್ದ ಕಡೆಗೆ, ಶರಾಬಿ ಹೊಳೆಯ ಬಾಯಿಗೆ ಒಮ್ಮೆ ಹೋಗಿ ಬರೋಣ. ನಿನ್ನೆ ಪ್ಯಾಂಟ್ ಒಗೆಯಲು ಹಾಕುವಾಗ ಜೇಬಿನಲ್ಲಿ ತೊಡದೇವಿನ ಪುಡಿಯ ಜೊತೆ ಒಂದು ಉದ್ದ ಕೂದಲು ಸಿಕ್ಕಿತು. ಕೆಂಚನ ಬಾಲದ್ದೇ. ಎತ್ತಿಟ್ಟಿದ್ದೇನೆ, ಬರುವಾಗ ತರುತ್ತೇನೆ. ಆ ರಾಜ ಇದ್ದಿದ್ದರೆ ಒಂದು ಕುದುರೆಯ ದುಡ್ಡು ಎಣಿಸಿಕೊಳ್ಳಬಹುದಿತ್ತು.

ನಿನ್ನ,
ಘಟ್ಟದ ಮೇಲಿನ ದೋಸ್ತ